ಸಹಾಯ ಬೇಡ ಅಂದದ್ದಕ್ಕೆ ಗೆಳತಿ ದೂರವಾದರೆ

ಶಸ್ತ್ರಚಿಕಿತ್ಸೆಯ ನಂತರ ಗೆಳತಿ "ಒಂದು ವಾರ ಬಂದು ಜೊತೆಗಿರ್ತೀನಿ" ಅಂದರು, ನೀವು "ಬೇಡ, ನಾನೇ ನೋಡ್ಕೋತೀನಿ" ಅಂದಿರಿ, ಆಮೇಲೆ ಅವರು ಮಾತು ಕಡಿಮೆ ಮಾಡಿದ್ದಾರೆ. ನನ್ನದು ತಪ್ಪೇ ಅಂತ ಕೇಳಿದ್ದೀರಿ. ತಪ್ಪಲ್ಲ. ಆದರೆ ಅವರಿಗೆ ನೋವಾಗಿರುವುದೂ ಸಹಜವೇ.

ಸಹಾಯಕ್ಕೆ ಬರುತ್ತೇನೆ ಎನ್ನುವವರು "ಅಷ್ಟು ಸಲುಗೆ ನಮ್ಮಲ್ಲಿದೆ ಅಲ್ಲವೇ" ಎಂದೂ ಕೇಳುತ್ತಿರುತ್ತಾರೆ. ಉಡುಗೊರೆಯ ಬಗ್ಗೆ 1925ರಲ್ಲಿ ಬರೆದ ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್, ಕೊಡುವುದು ಮತ್ತು ಮರಳಿಸುವುದರ ಜೊತೆಗೆ ಸ್ವೀಕರಿಸುವುದನ್ನೂ ಒಂದು ಕರ್ತವ್ಯ ಎಂದೇ ಎಣಿಸಿದ್ದರು. ತೆಗೆದುಕೊಳ್ಳಲು ಒಲ್ಲೆ ಎಂದರೆ ಸಂಬಂಧವೇ ಬೇಡ ಎಂದಂತೆ ಕೇಳಿಸಬಹುದು.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಸಂಭಾಷಣೆಗಳನ್ನು ಧ್ವನಿಮುದ್ರಿಸಿ ಅಧ್ಯಯನ ಮಾಡಿದವರು ಗಮನಿಸಿದಂತೆ, ಒಪ್ಪಿಗೆ ಸಾಮಾನ್ಯವಾಗಿ ತಟ್ಟನೆ ಬರುತ್ತದೆ; ನಿರಾಕರಣೆ ತಡವರಿಸಿ, ಮೆಚ್ಚುಗೆಯ ಮಾತಿನೊಂದಿಗೆ, ಕಾರಣ ಹೊತ್ತು ಬರುತ್ತದೆ. ಕಾರಣ ಪರಿಸ್ಥಿತಿಯದ್ದಾದರೆ ("ತಮ್ಮ ಬರ್ತಿದ್ದಾನೆ") ಕೇಳಿದವರ ಮನಸ್ಸಿಗೆ ಪೆಟ್ಟಾಗುವುದಿಲ್ಲ. "ನಾನೇ ನೋಡ್ಕೋತೀನಿ" ಅನ್ನುವುದರಲ್ಲಿ ಅವರಿಗೆ ಜಾಗವೇ ಉಳಿಯಲಿಲ್ಲ. (ಹಂಗಿಗೆ ಬೀಳಿಸಲು ಬರುವವರ ಮಾತು ಬೇರೆ. ಅಲ್ಲಿ ಕಾರಣ ಕೊಡದೆ ಬೇಡ ಅಂದರೂ ಸರಿಯೇ.)

ಈಗ ಉದ್ದದ ಕ್ಷಮಾಪಣೆ ಬೇಡ, ಅದು ಅವರನ್ನೇ ಸಮಾಧಾನ ಹೇಳುವ ಸ್ಥಾನದಲ್ಲಿ ನಿಲ್ಲಿಸುತ್ತದೆ. ನಿಜವಾಗಿಯೂ ಬೇಕಾದ ಒಂದು ಚಿಕ್ಕ ಸಹಾಯ ಕೇಳಿ: ಮುಂದಿನ ತಪಾಸಣೆಗೆ ಜೊತೆಗೆ ಬರ್ತೀಯಾ ಅಂತ. ಅವತ್ತು ಯಾಕೆ ಬೇಡ ಅಂದಿರಿ ಎಂಬುದನ್ನು ದಾರಿಯಲ್ಲಿ ಹೇಳಿದರಾಯಿತು.