ಹಾಲ್ಟರ್ ಕಂಡರೆ ಓಡುವ ಕುದುರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮದುವೆ ಮೆರವಣಿಗೆಗೆ ಬಳಸುತ್ತಿದ್ದ ಎಂಟು ವರ್ಷದ ಹೆಣ್ಣು ಕುದುರೆ ತಂದಿದ್ದೇವೆ. ಬೆಲ್ಲ ತೋರಿಸಿದರೆ ಬರುತ್ತದೆ. ಕೈಯಲ್ಲಿ ಹಾಲ್ಟರ್ (ಹಿಡಿದು ನಡೆಸಲು ಕುದುರೆಯ ತಲೆಗೆ ಹಾಕುವ ಪಟ್ಟಿ) ಕಂಡರೆ ಓಡಿಹೋಗಿ, ಹಿಂಭಾಗ ತಿರುಗಿಸಿ ನಿಲ್ಲುತ್ತದೆ. ಮೂಲೆಗೆ ಒತ್ತರಿಸಿ ಹಿಡಿಯಬಹುದೇ? (ಶಿರಸಿ ತಾಲೂಕಿನ ಓದುಗರು)

ಉತ್ತರ: ಖಂಡಿತ ಬೇಡ. ಮೂಲೆಗೆ ಸಿಕ್ಕಿಕೊಂಡ ಕುದುರೆಗೆ ಒದೆಯುವುದೊಂದೇ ದಾರಿ ಉಳಿಯುತ್ತದೆ. ಬೆಲ್ಲದ ಆಸೆ ತೋರಿಸಿ ಹಿಡಿಯುವುದೂ ಒಳ್ಳೆಯದಲ್ಲ. ಬೆಲ್ಲದ ಹಿಂದೆಯೇ ಹಗ್ಗ ಬರುತ್ತದೆಂದು ಅದು ಬೇಗ ಕಲಿಯುತ್ತದೆ, ಆಮೇಲೆ ಬೆಲ್ಲಕ್ಕೂ ಬರುವುದಿಲ್ಲ.

ಮೊದಲು ನೋವಿದೆಯೇ ನೋಡಿ. ಮುಟ್ಟಗೊಡದ ಕುದುರೆಯಲ್ಲೂ ದೂರದಿಂದಲೇ ಕಾಣುವ ಗುರುತುಗಳಿವೆ. ಹಿಂಗಾಲನ್ನು ಒಂದಾದ ಮೇಲೊಂದು ಸಡಿಲಿಸಿ ನಿಲ್ಲುವುದು ಸಹಜ. ಮುಂಗಾಲೊಂದನ್ನು ಮುಂದಕ್ಕೆ ಚಾಚಿ ಭಾರ ಹಾಕದೆ ನಿಂತರೆ ಆ ಕಾಲಲ್ಲಿ ನೋವಿರಬಹುದು. ಜಗಿದ ಹುಲ್ಲು ಉಂಡೆಯಾಗಿ ಬಾಯಿಂದ ಬೀಳುತ್ತಿದ್ದರೆ ಹಲ್ಲು ಪರೀಕ್ಷಿಸಬೇಕು. ಜೀನು ಕೂರುವಲ್ಲಿ ಬಿಳಿ ಕೂದಲಿನ ಮಚ್ಚೆ ಎದ್ದಿದ್ದರೆ ಅದು ಹಿಂದೆ ಜೀನು ಒತ್ತಿ ಆದ ಗಾಯದ ಕಲೆ. ಮಳೆಗಾಲದಲ್ಲಿ ಒದ್ದೆ ದರಕಿನ (ತರಗೆಲೆ ಹಾಸಿನ) ಮೇಲೆ ನಿಂತೇ ಇದ್ದರೆ ಗೊರಸಿನ ತಳದ ಮೆತ್ತನೆಯ ತ್ರಿಕೋನ ಭಾಗ ಕೊಳೆತು ಕಪ್ಪಾಗಿ ನಾರುತ್ತದೆ. ಇಂಥದ್ದೇನಾದರೂ ಕಂಡರೆ ಪಾಠ ಆಮೇಲೆ, ಪಶುವೈದ್ಯರು ಮೊದಲು.

ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಸುತ್ತಲಿನ ಬಹುಪಾಲು ಅದಕ್ಕೆ ಕಾಣುತ್ತದೆ. ಕಾಣದಿರುವುದು ಹಣೆಯ ಎದುರಿನ ತುಸು ಜಾಗ ಮತ್ತು ಬಾಲದ ನೇರ ಹಿಂದೆ. ಹಾಗಾಗಿ ಎದುರಿನಿಂದ ನೆಟ್ಟಗೆ ಮುಖಕ್ಕೇ ಕೈ ಒಯ್ಯಬೇಡಿ. ಭುಜದ ಕಡೆಗೆ ಓರೆಯಾಗಿ, ಬಳಸಿಕೊಂಡು ನಡೆಯಿರಿ.

12ರಿಂದ 15 ಮೀಟರ್ ಅಗಲದ, ಮುಳ್ಳುತಂತಿ ಇಲ್ಲದ ಆವರಣ ಸಾಕು. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಬೇಡ, ಗೊರಸು ಜಾರುತ್ತದೆ. ಮೊದಲ ದಿನದಿಂದಲೇ ಹಾಲ್ಟರನ್ನು ನಿಮ್ಮ ಹೆಗಲ ಮೇಲೆ ಎದ್ದು ಕಾಣುವಂತೆ ಹಾಕಿಕೊಳ್ಳಿ. ಬೆನ್ನ ಹಿಂದೆ ಬಚ್ಚಿಟ್ಟರೆ ಮೋಸವಾಯಿತು. ಭುಜ ಸಡಿಲ, ಕೈ ಕೆಳಗೆ, ಬೆರಳು ಮಡಚಿ, ದೃಷ್ಟಿ ಅದರ ಕಾಲ ಬುಡದಲ್ಲಿ. ಹೆಜ್ಜೆ ಹಾಕುತ್ತ ಅದರ ಕತ್ತು ನೋಡಿ. ತಲೆ ಮೇಲೇರಿದರೆ, ಕಿವಿ ಹಿಂದಕ್ಕೆ ಬಿಗಿದರೆ, ಮೂಗಿನ ಹೊಳ್ಳೆಯ ಮೇಲೆ ಸುಕ್ಕು ಮೂಡಿದರೆ ಅಲ್ಲೇ ನಿಲ್ಲಿ. ಅದು ಹೊರಡುವ ಮೊದಲೇ ನೀವು ಬೆನ್ನು ತಿರುಗಿಸಿ ನಾಲ್ಕೈದು ಹೆಜ್ಜೆ ದೂರ ಹೋಗಿ.

ಈ ದೂರ ಹೋಗುವುದೇ ಅದಕ್ಕೆ ನೀವು ಕೊಡುವ ಬಹುಮಾನ. ತಾನು ಸುಮ್ಮನೆ ನಿಂತರೆ ಈ ಮನುಷ್ಯ ಒತ್ತಡ ತೆಗೆಯುತ್ತಾನೆ ಎಂಬುದು ಅದಕ್ಕೆ ತಿಳಿಯಬೇಕು. ಅದು ಆಗಲೇ ಓಡಿದ್ದರೆ ಬೆನ್ನಟ್ಟದೆ ನಿಲ್ಲಿ. ಒಂದು ಕಿವಿ ನಿಮ್ಮ ಕಡೆ ತಿರುಗಿದ ಕ್ಷಣ ಹಿಂದೆ ಸರಿಯಿರಿ. ಹಿಂಭಾಗ ತಿರುಗಿಸಿದರೆ ಮೂರು ಮೀಟರಿಗಿಂತ ಹತ್ತಿರ ಹೋಗಬೇಡಿ. ಅದರ ಒಂದು ಕಣ್ಣಿಗೆ ನೀವು ಕಾಣುವಷ್ಟು ಬದಿಗೆ ಸುತ್ತಿ, ಅದು ಮುಖ ಹೊರಳಿಸುವವರೆಗೆ ಕಾಯಿರಿ. ಕುದುರೆಯನ್ನು ಸುತ್ತು ಓಡಿಸಿ ದಣಿಸಿ ಹಿಡಿಯುವ ಪದ್ಧತಿಯೂ ಇದೆ. ಹೆದರಿದ ಕುದುರೆಗೆ ಅದನ್ನು ನಾವು ಹೇಳುವುದಿಲ್ಲ. ದಣಿದು ನಿಂತದ್ದಕ್ಕೂ ನಂಬಿ ನಿಂತದ್ದಕ್ಕೂ ಬಹಳ ವ್ಯತ್ಯಾಸವಿದೆ.

ಮೊದಲ ಸ್ಪರ್ಶ ಭುಜಕ್ಕೆ, ಅಂಗೈಯ ಹಿಂಬದಿಯಿಂದ, ಮೂರು ಸೆಕೆಂಡು ಮಾತ್ರ. ಅದು ಒಪ್ಪಿದ ಮೇಲೆ ಕತ್ತು ಬೆನ್ನಿಗೆ ಸೇರುವ ಉಬ್ಬಿನ ಹತ್ತಿರ ಕೆರೆದುಕೊಡಿ. ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವ ಜಾಗವೇ ಅದು. ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ. ಮೇಲ್ದುಟಿ ಮುಂದಕ್ಕೆ ನೀಳವಾಗಿ ಅಲುಗತೊಡಗಿದರೆ ಸರಿಯಾದ ಜಾಗ ಸಿಕ್ಕಿದೆ ಎಂದರ್ಥ. ನಂತರ ಹಾಲ್ಟರಿನಿಂದಲೇ ಕತ್ತು ಸವರಿ, ಎಡಕ್ಕೂ ಬಲಕ್ಕೂ. ಎಡಗಡೆ ಒಪ್ಪಿದ್ದನ್ನು ಬಲಗಡೆಯೂ ಒಪ್ಪಿತೆಂದುಕೊಳ್ಳಬೇಡಿ. ಹಾಕಿದ ಮೊದಲ ಕೆಲವು ದಿನ ಹಾಕಿ, ಸವರಿ, ಬಿಚ್ಚಿ, ಬಂದುಬಿಡಿ. ಬೆಲ್ಲ ಕೊಡುವುದಾದರೆ ಬಿಚ್ಚಿದ ಮೇಲೆ ಒಂದು ಚೂರು, ಕೈಯಿಂದಲ್ಲ, ಬೋಗುಣಿಯಲ್ಲಿ.

ನಡೆಸಲು ಹೆಬ್ಬೆರಳು ದಪ್ಪದ, ಮೂರೂವರೆ ಮೀಟರಿನ ಹತ್ತಿ ಹಗ್ಗ ತನ್ನಿ. ನೈಲಾನ್ ಜಾರಿದರೆ ಅಂಗೈ ಸುಲಿಯುತ್ತದೆ. ಉಳಿದ ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಮಡಿಕೆ ಮಾಡಿ ಹಿಡಿಯಿರಿ. ಕುದುರೆ ಓಡಿದರೆ ಸುತ್ತಿದ ಹಗ್ಗ ಬೆರಳು ಕೀಳುತ್ತದೆ. ಹಗುರವಾಗಿ ಬಿಗಿದು ಕಾಯಿರಿ. ಒಂದು ಕಾಲು ಮುಂದೆ ಬಂದದ್ದೇ ತಡ, ಸೆಕೆಂಡಿನೊಳಗೆ ಸಡಿಲ ಬಿಡಿ. ತಡವಾಗಿ ಬಿಟ್ಟರೆ ಯಾವುದಕ್ಕೆ ಬಿಟ್ಟಿರೆಂದು ಅದಕ್ಕೆ ಗೊತ್ತಾಗುವುದಿಲ್ಲ. ಹೆಚ್ಚಿನವರ ಕೆಲಸ ಕೆಡುವುದು ಇಲ್ಲಿಯೇ. ಬೆಳಿಗ್ಗೆ ಬಿಸಿಲೇರುವ ಮೊದಲು, ಸಂಜೆ ಇನ್ನೊಮ್ಮೆ, ಹದಿನೈದು ನಿಮಿಷ ಮೀರದಂತೆ ಮಾಡಿ.

ಪ್ರಶ್ನೆ: ಕುದುರೆ ನಾಲಿಗೆ ಹೊರಳಿಸಿ ಬಾಯಿ ಚಪ್ಪರಿಸಿದರೆ ಒಪ್ಪಿಕೊಂಡಿತು ಎನ್ನುತ್ತಾರೆ, ನಿಜವೇ? (ಕುಮಟಾ ಓದುಗರು)

ಉತ್ತರ: ಅದೊಂದನ್ನೇ ನಂಬಬೇಡಿ. ಬಿಗಿದ ಮೈ ಸಡಿಲವಾಗುವಾಗ ಬಾಯಿ ಆಡುತ್ತದೆ. ಅಂದರೆ ಸ್ವಲ್ಪ ಮೊದಲು ಅದು ಹೆದರಿತ್ತು ಎಂದೂ ಆಯಿತು. ತಲೆ ತಗ್ಗಿದೆಯೇ, ಕಣ್ಣಿನ ಮೇಲಿನ ಸುಕ್ಕು ಹೋಗಿದೆಯೇ, ಉಸಿರು ದೀರ್ಘವಾಗಿದೆಯೇ, ಜೊತೆಗೆ ನೋಡಿ.

ಪ್ರಶ್ನೆ: ನಮ್ಮ ಕುದುರೆಯನ್ನು ಕಾರವಾರದ ಟಾಗೋರ್ ಕಡಲತೀರಕ್ಕೆ ಒಯ್ದರೆ ನೀರಿಗೆ ಹತ್ತು ಮಾರು ದೂರದಲ್ಲೇ ಕಾಲೂರಿ ನಿಲ್ಲುತ್ತದೆ. ಎಳೆದರೆ ಇನ್ನೂ ಹಿಂದೆ ಜಗ್ಗುತ್ತದೆ. (ಕಾರವಾರದ ಓದುಗರು)

ಉತ್ತರ: ಎದುರು ನಿಂತು ಎಳೆದರೆ ಕುದುರೆ ಎಳೆತದ ವಿರುದ್ಧವೇ ಭಾರ ಹಾಕುತ್ತದೆ. ಪಕ್ಕಕ್ಕೆ ಬಂದು ತಲೆಯನ್ನು ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ ತಿರುಗಿಸಿ. ಊರಿದ ಕಾಲು ಕಿತ್ತು ಬರುತ್ತದೆ. ಇಳಿತದ ಹೊತ್ತಿನಲ್ಲಿ ಹೋಗಿ, ನೀರಿನತ್ತ ನೇರ ಹೋಗದೆ ದಡದ ಗುಂಟ ನಡೆಸಿ, ಪ್ರತಿ ಸುತ್ತಿಗೆ ಒಂದೆರಡು ಹೆಜ್ಜೆ ಹತ್ತಿರ ಬನ್ನಿ. ಹಿಂದೆ ಸರಿಯುತ್ತಿರುವ ಅಲೆಯನ್ನು ಹಿಂಬಾಲಿಸುವುದು ಅದಕ್ಕೆ ಸುಲಭ. ಮೈಮೇಲೆ ಬರುವ ಅಲೆಗೆ ಮುಖ ಕೊಡುವುದು ಕಷ್ಟ. ಹಗ್ಗ ಸಡಿಲವಿರಲಿ. ಹತ್ತಿರದ ವಸ್ತು ಸರಿಯಾಗಿ ಕಾಣಲು ಅದು ತಲೆ ತಗ್ಗಿಸಬೇಕು, ಮೂಸಬೇಕು. ಒಣ ಮರಳಲ್ಲಿ ಬಹಳ ನಡೆಸಬೇಡಿ, ಕಾಲಿನ ಸ್ನಾಯುರಜ್ಜುಗಳಿಗೆ (ಸ್ನಾಯುವನ್ನು ಎಲುಬಿಗೆ ಜೋಡಿಸುವ ಗಟ್ಟಿ ನಾರುಗಳಿಗೆ) ಹೊರೆ. ಮನೆಗೆ ಬಂದು ಕಾಲು, ಹೊಟ್ಟೆ ಸಿಹಿನೀರಿನಿಂದ ತೊಳೆಯಿರಿ.

ಮರಳಿನ ಮೇಲೆ ಹುಲ್ಲು ಹಾಕಬೇಡಿ. ಮರಳು ಹೊಟ್ಟೆಗೆ ಹೋಗಿ ಕರುಳಲ್ಲಿ ಕೂತರೆ ಹೊಟ್ಟೆಶೂಲೆ ಬರುತ್ತದೆ. ಅನುಮಾನವಿದ್ದರೆ ನಾಲ್ಕೈದು ಲದ್ದಿ ಉಂಡೆಯನ್ನು ನೆಲಕ್ಕೆ ತಾಗದ ಮೇಲ್ಭಾಗದಿಂದ ತೆಗೆದು, ಗಾಜಿನ ಭರಣಿಯಲ್ಲಿ ನೀರಿಗೆ ಕದಡಿ ಸ್ವಲ್ಪ ಹೊತ್ತು ಬಿಡಿ. ತಳದಲ್ಲಿ ಮರಳಿನ ಪದರ ಕೂತಿದ್ದರೆ ಅದನ್ನೇ ಪಶುವೈದ್ಯರಿಗೆ ತೋರಿಸಿ.