ಸಿನಿಮಾದಲ್ಲಿ ಅಷ್ಟು ಹೆಸರಿದ್ದ ಶಂಕರ್ ನಾಗ್ ಟಿ.ವಿ. ನಿರ್ದೇಶನಕ್ಕೆ ಏಕೆ ಹೋದರು?

ನಟನೆ ಬಿಟ್ಟು ಹೋದರೇ ಎಂದೂ ಕೇಳಿದ್ದೀರಿ. ಇಲ್ಲ, ಬಿಡಲೇ ಇಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಅಪಘಾತವಾದಾಗಲೂ ಅವರು ಶೂಟಿಂಗಿಗೇ ಹೊರಟಿದ್ದರು.

ಅವರು ಮುಂಬೈಯಲ್ಲಿ ಮರಾಠಿ ನಾಟಕ ಮಾಡಿಕೊಂಡಿದ್ದವರು. 1978ರಲ್ಲಿ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ ಬಂದರು. ಎರಡೇ ವರ್ಷಕ್ಕೆ 'ಮಿಂಚಿನ ಓಟ' ನಿರ್ದೇಶಿಸಿದರು. 'ಆಟೋ ರಾಜ' ಬಂದದ್ದೂ ಅದೇ 1980ರಲ್ಲಿ. ಇವತ್ತಿಗೂ ಆಟೋಗಳ ಹಿಂದೆ ಅವರ ಚಿತ್ರ ಕಾಣುತ್ತದಲ್ಲ, ಆ ಜನಪ್ರಿಯತೆ ಶುರುವಾದ ಹೊತ್ತಿಗೇ ನಿರ್ದೇಶಕನೂ ತಯಾರಾಗಿದ್ದ.

ಇನ್ನು ಅವರು ಟಿ.ವಿ.ಗೆ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿ. ಆರ್.ಕೆ. ನಾರಾಯಣರ ಕಥೆಗಳಲ್ಲಿ ದೊಡ್ಡ ಘಟನೆಗಳೇ ಕಡಿಮೆ. ಎರಡೂವರೆ ಗಂಟೆಯ ಸಿನಿಮಾಕ್ಕೆ ಎಳೆದರೆ ಸೊರಗುತ್ತವೆ. ಅರ್ಧ ಗಂಟೆಯ ಕಂತಿಗೆ ಹೇಳಿ ಮಾಡಿಸಿದಂತಿವೆ. ಟಿ.ವಿ.ಯೇ ಅವುಗಳಿಗೆ ಸರಿಯಾದ ಜಾಗ ಎಂದು ನನಗನ್ನಿಸುವುದು ಅದಕ್ಕೆ. ನಾರಾಯಣರು ಕಲ್ಪಿಸಿದ, ಎಲ್ಲೂ ಇಲ್ಲದ ಮಾಲ್ಗುಡಿ ಎಂಬ ಊರನ್ನು ಶಂಕರ್ ಆಗುಂಬೆಯಲ್ಲಿ ಕಂಡರು, ಅರಸಾಳಿನ ಪುಟ್ಟ ರೈಲು ನಿಲ್ದಾಣವನ್ನು ಮಾಲ್ಗುಡಿಯ ನಿಲ್ದಾಣ ಮಾಡಿದರು. ಟಿ.ಎಸ್. ನರಸಿಂಹನ್ ನಿರ್ಮಾಪಕರು, ಎಲ್. ವೈದ್ಯನಾಥನ್ ಸಂಗೀತ, ಆರ್.ಕೆ. ಲಕ್ಷ್ಮಣರ ರೇಖಾಚಿತ್ರ. ಹಿಂದಿ ಧಾರಾವಾಹಿ, ಆದರೆ ಅದರಲ್ಲಿ ತುಂಬಿಕೊಂಡಿದ್ದವರು ನಮ್ಮ ಕನ್ನಡದ ಕಲಾವಿದರು. ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ.

ಸ್ವತಃ ನಟನಾಗಿದ್ದವನು ನಿರ್ದೇಶಿಸಿದರೆ ಏನಾಗುತ್ತದೆಂದು ತಿಳಿಯಬೇಕಿದ್ದರೆ ಅದರಲ್ಲಿ ಅಪ್ಪ ಮಗನಿಂದ ಮಾವಿನಹಣ್ಣಿನ ಲೆಕ್ಕ ಮಾಡಿಸುವ ದೃಶ್ಯ ನೋಡಿ. ಅಪ್ಪನ ಪಾತ್ರದಲ್ಲಿ ಕಾರ್ನಾಡರು, ಎದುರಿಗೆ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಹಣ್ಣು ಕಾಯೋ ಮಾಗಿದ್ದೋ ಎಂಬುದೇ ಹುಡುಗನ ಚಿಂತೆ. ಅಷ್ಟು ದೊಡ್ಡ ನಟನ ಮುಂದೆ ಆ ಮಗು ಒಂದಿಷ್ಟೂ ಕುಗ್ಗುವುದಿಲ್ಲ. ತಮ್ಮನ್ನು ಮೊದಲು ಸಿನಿಮಾಕ್ಕೆ ಕರೆತಂದ ನಿರ್ದೇಶಕರನ್ನೇ ಶಂಕರ್ ಇಲ್ಲಿ ನಿರ್ದೇಶಿಸುತ್ತಿದ್ದರು ಎಂಬುದೂ ನೆನಪಿರಲಿ. ಹುಡುಗನಿಗೆ ಅಭಿನಯ ಕಲಿಸಿದ ಗುರುತು ಎಲ್ಲೂ ಕಾಣುವುದಿಲ್ಲ. ಯೋಚಿಸಲು ಅವನಿಗೆ ಸಮಯ ಕೊಟ್ಟಿದ್ದಾರೆ ಅಷ್ಟೆ.

ಆ ಅಪಘಾತದಲ್ಲಿ ತೀರಿಕೊಂಡಾಗ ಶಂಕರ್‌ಗೆ 36 ತುಂಬಿರಲಿಲ್ಲ. 2000ದ ನಂತರ ಕವಿತಾ ಲಂಕೇಶ್ 'ಮಾಲ್ಗುಡಿ ಡೇಸ್'ನ ಇನ್ನಷ್ಟು ಕಂತು ಮಾಡಿದರು. ನೀವು ಮಾತ್ರ ಮೊದಲಿನ ಸ್ವಾಮಿಯಿಂದಲೇ ಶುರುಮಾಡಿ. ಧಾರಾವಾಹಿಯ ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆಯ ಜಗುಲಿಯಲ್ಲಿ ಒಮ್ಮೆ ಕೂತಿದ್ದೆ. ಮಳೆ ಸುರಿಯುತ್ತಿತ್ತು, ಯಾರೋ ಮೊಬೈಲಿನಲ್ಲಿ ಆ ಶೀರ್ಷಿಕೆ ಸಂಗೀತ ಹಾಕಿದರು. ಪಕ್ಕದಲ್ಲಿದ್ದ ಗುರುತಿಲ್ಲದವರೆಲ್ಲ ಒಟ್ಟಿಗೆ ಗುನುಗತೊಡಗಿದರು.