ಕೀಮೋ ನಂತರ ಮಿದುಳಿನ ಎಂಆರ್‌ಐ

ಪ್ರಶ್ನೆ: ನಮ್ಮ ಏಳು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್ ಇದ್ದು, ಕಲಬುರಗಿಯಲ್ಲಿ ಕೀಮೋ ನಡೆಯುತ್ತಿದೆ. ಎಂಆರ್‌ಐ ವರದಿಯಲ್ಲಿ ಮಿದುಳಿನ ಬಿಳಿ ಭಾಗದಲ್ಲಿ ಬದಲಾವಣೆ ಇದೆ ಎಂದು ಬರೆದಿದ್ದಾರೆ. ರೋಗ ಮಿದುಳಿಗೂ ಹರಡಿದೆಯೇ?
— ಓದುಗರು, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ, ಆದರೆ ಆ ಮಾತಿನಿಂದಲೇ ರೋಗ ಹರಡಿದೆ ಎಂದು ತಿಳಿಯಬೇಕಾಗಿಲ್ಲ. ಕ್ಯಾನ್ಸರ್ ಕಣಗಳು ಮಿದುಳಿನಲ್ಲಿ ಅಡಗಿ ಉಳಿಯದಿರಲೆಂದು ಬೆನ್ನಿನ ಮೂಲಕ ಕೊಡುವ ಮೆಥೊಟ್ರೆಕ್ಸೇಟ್ ಔಷಧವು ಜೀವಕೋಶಗಳ ಫೋಲೇಟ್ (ಒಂದು ಬಗೆಯ ಬಿ ವಿಟಮಿನ್) ಬಳಕೆಗೆ ತಡೆಯೊಡ್ಡುವುದರಿಂದ, ಕೆಲವು ಮಕ್ಕಳಲ್ಲಿ ಮಿದುಳಿನ ಬಿಳಿ ಭಾಗದಲ್ಲಿರುವ ನರತಂತುಗಳ ಹೊದಿಕೆಗೂ ಪೆಟ್ಟು ಬಿದ್ದು, ಎಂಆರ್‌ಐ ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಕಾಣುತ್ತದೆ. ಯಾವ ತೊಂದರೆಯೂ ಇಲ್ಲದ ಮಕ್ಕಳಲ್ಲೂ ಇದು ಕಾಣುವುದುಂಟು. ಚಿಕಿತ್ಸೆ ಮುಗಿದ ಮೇಲೆ ಹಲವರಲ್ಲಿ ಮಾಸುತ್ತದೆ. ರೋಗ ಹರಡಿದೆಯೇ ಎಂಬುದನ್ನು ಮುಖ್ಯವಾಗಿ ಬೆನ್ನುಹುರಿ ದ್ರವದ ಪರೀಕ್ಷೆ ಹೇಳುತ್ತದೆ, ಅದರ ವರದಿಯನ್ನು ವೈದ್ಯರಲ್ಲಿ ಕೇಳಿ. ಎಂಆರ್‌ಐಯಲ್ಲಿ ವಿಕಿರಣವಿಲ್ಲದ ಕಾರಣ ಅದನ್ನು ಮತ್ತೆ ಮಾಡಿಸಲು ಹೇಳಿದರೆ ಹೆದರಬೇಡಿ.

ಬೆನ್ನಿಗೆ ಸೂಜಿ ಹಾಕಿದ ಎರಡು ವಾರಗಳೊಳಗೆ ಫಿಟ್ಸ್, ಮಾತಿನ ತೊದಲು ಅಥವಾ ಒಂದು ಪಕ್ಕದ ಬಲಹೀನತೆ ಕಂಡರೆ, ರಾತ್ರಿಯಾದರೂ ಸರಿ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ. ಕೀಮೋವನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಮಗ ಶಾಲೆಗೆ ಮರಳಿದಾಗ ಗಮನ ಚದುರುತ್ತಿದ್ದರೆ ಅಥವಾ ಬರವಣಿಗೆ ನಿಧಾನವಾಗಿದ್ದರೆ, ಅದನ್ನು ಸೋಮಾರಿತನವೆಂದು ಗದರದೆ ಶಿಕ್ಷಕರಿಗೂ ವೈದ್ಯರಿಗೂ ತಿಳಿಸಿ.